ವಹಿಯಲ್ಲಿ ಹೆಸರು, ಲಕೋಟೆಗೆ ಮೊಹರು: ಗರ್ಭಪಾತ ಕಾಯ್ದೆಯಲ್ಲಿ ವೈದ್ಯಕೀಯ ರಕ್ಷಣೆ ಮತ್ತು ದಾಖಲೆ

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳಲ್ಲಿ ಗರ್ಭಪಾತ ಎಂಬ ಮಾತು ಇಂದಿಗೂ ಹಿತ್ತಲ ಬಾಗಿಲಿನ ಮಾತೇ ಆಗಿದೆ. ಹಬ್ಬಕ್ಕೆ, ನಾಟಕಕ್ಕೆ, ರಾಜ್ಯೋತ್ಸವಕ್ಕೆ ಒಟ್ಟು ಸೇರುವ ನಾವು ಈ ವಿಷಯವನ್ನು ಮಾತ್ರ ಗಟ್ಟಿಯಾಗಿ ಆಡುವುದಿಲ್ಲ. ಪರಿಣಾಮವಾಗಿ, ತೀರ್ಮಾನ ಕೈಗೊಳ್ಳಲೇಬೇಕಾದ ಗಳಿಗೆ ಎದುರಾದಾಗ ಮನೆಯವರನ್ನು ಕಾಡುವ ಮೊದಲ ಪ್ರಶ್ನೆ ಚಿಕಿತ್ಸೆಯದಲ್ಲ, ಕಾಗದದ್ದು. "ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುತ್ತಾರಂತೆ, ನಾಳೆ ಅದು ಯಾರ ಕೈಗೆ ಸಿಗುತ್ತದೋ?" ಈ ಅಂಜಿಕೆಯಿಂದಲೇ ಅನುಮತಿಯುಳ್ಳ ಆಸ್ಪತ್ರೆಯನ್ನು ಬಿಟ್ಟು ಅನುಮತಿಯಿಲ್ಲದ ಸ್ಥಳವನ್ನೋ, ಚೀಟಿಯಿಲ್ಲದೆ ಸಿಗುವ ಮಾತ್ರೆಯನ್ನೋ ಹುಡುಕಿ ಹೋಗುವವರಿದ್ದಾರೆ. ಜೀವಕ್ಕೆ ಅಪಾಯ ಒದಗುವುದು ಬಹುಮಟ್ಟಿಗೆ ಅಲ್ಲಿಯೇ.

ನಮ್ಮ ದೇಶದ ಕಾಯ್ದೆ ಈ ಅಂಜಿಕೆಯನ್ನು ಮೊದಲೇ ಊಹಿಸಿದೆ. ಎಲ್ಲವನ್ನೂ ಬರೆದಿಡಬೇಕು, ಬರೆದುದನ್ನು ಯಾರಿಗೂ ತೋರಿಸಬಾರದು ಎಂಬ ಎರಡು ಆಜ್ಞೆಗಳನ್ನು ಅದು ಒಟ್ಟಿಗೇ ವಿಧಿಸಿದೆ. ಇವು ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಿದರೂ ಎರಡರ ಉದ್ದೇಶವೂ ಒಂದೇ, ಹೆಣ್ಣಿನ ರಕ್ಷಣೆ. ಈ ವ್ಯವಸ್ಥೆಯ ವಿವರಗಳನ್ನು ನಮ್ಮ ಓದುಗರಿಗಾಗಿ ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ. ಇದು ವೈದ್ಯರ ಅಥವಾ ವಕೀಲರ ಸಲಹೆಗೆ ಬದಲಿಯಲ್ಲ. ಅವರ ಬಳಿಗೆ ಹೋಗುವ ಮುನ್ನ ತಿಳಿದಿರಬೇಕಾದ ಮಾಹಿತಿ.

ಕಾಯ್ದೆ ಬಂದ ಬಗೆ

1860ರ ಭಾರತೀಯ ದಂಡಸಂಹಿತೆಯ 312ರಿಂದ 316ರವರೆಗಿನ ಕಲಮುಗಳು ಗರ್ಭಪಾತವನ್ನು ಅಪರಾಧವೆಂದು ಪರಿಗಣಿಸಿದ್ದವು. ತಾಯಿಯ ಪ್ರಾಣ ಉಳಿಸುವ ಸಂದರ್ಭವೊಂದೇ ಅಪವಾದವಾಗಿತ್ತು. ಕಾನೂನು ಬಾಗಿಲು ಮುಚ್ಚಿದಷ್ಟೂ ಕತ್ತಲೆಯ ವೈದ್ಯ ಬೆಳೆಯಿತು. ಇದನ್ನು ಪರಿಶೀಲಿಸಲು 1964ರಲ್ಲಿ ಮಹಾರಾಷ್ಟ್ರದ ಆರೋಗ್ಯ ಸಚಿವರಾಗಿದ್ದ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, 1966ರಲ್ಲಿ ವರದಿ ನೀಡಿತು. ಆ ವರದಿಯ ಆಧಾರದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ರೂಪುಗೊಂಡು, 1972ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಜನಬಳಕೆಯಲ್ಲಿ ಇದು ಎಂ.ಟಿ.ಪಿ. ಕಾಯ್ದೆ. 2002ರ ತಿದ್ದುಪಡಿ, 2003ರ ಹೊಸ ನಿಯಮಗಳು ಹಾಗೂ 2021ರ ತಿದ್ದುಪಡಿ ಅದರ ಮುಖ್ಯ ಘಟ್ಟಗಳು. 2021ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ.

ಒಂದು ಸಂಗತಿಯನ್ನು ಮರೆಯಬಾರದು. ಹಳೆಯ ದಂಡಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಗರ್ಭಪಾತ ಅಪರಾಧಗಳ ಪಟ್ಟಿಯಿಂದ ಹೊರಬಿದ್ದಿಲ್ಲ. ಈಗ ಅದು 88ರಿಂದ 92ರವರೆಗಿನ ಕಲಮುಗಳಲ್ಲಿದೆ. ಎಂ.ಟಿ.ಪಿ. ಕಾಯ್ದೆಯಂತೆ ನಡೆದರೆ ಮಾತ್ರ ಅದು ಅಪರಾಧವಲ್ಲ. ಹಾಗೆ ನಡೆಯಿತೆಂಬುದಕ್ಕೆ ಪುರಾವೆ ಯಾವುದು? ಆಸ್ಪತ್ರೆಯ ದಾಖಲೆಯೇ. ವೈದ್ಯರಿಗೂ, ಚಿಕಿತ್ಸೆ ಪಡೆದವಳಿಗೂ ಆ ಕಾಗದವೇ ಕಾವಲು.

ಯಾರು, ಎಲ್ಲಿ, ಎಷ್ಟು ವಾರ

ಮೊದಲ ರಕ್ಷಣೆ ವೈದ್ಯರ ಅರ್ಹತೆ. ವೈದ್ಯಕೀಯ ಪದವಿಯಿದ್ದರೆ ಸಾಲದು. ಸ್ತ್ರೀರೋಗ ಮತ್ತು ಪ್ರಸೂತಿ ಶಾಸ್ತ್ರದಲ್ಲಿ ನಿಯಮಗಳು ಹೇಳುವ ತರಬೇತಿ ಅಥವಾ ಅನುಭವ ಬೇಕು. ಉದಾಹರಣೆಗೆ, ಸ್ನಾತಕೋತ್ತರ ಪದವಿಯಿಲ್ಲದ ವೈದ್ಯರು 12 ವಾರಗಳೊಳಗಿನ ಗರ್ಭಪಾತ ಮಾಡಬೇಕಾದರೆ, ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ 25 ಪ್ರಕರಣಗಳಲ್ಲಿ ನೆರವಾಗಿದ್ದು, ಅವುಗಳಲ್ಲಿ ಕನಿಷ್ಠ 5ನ್ನು ಸ್ವತಃ ನಿರ್ವಹಿಸಿರುವುದು ಒಂದು ಮಾನದಂಡ.

ಎರಡನೆಯದು ಸ್ಥಳ. ಸರ್ಕಾರಿ ಆಸ್ಪತ್ರೆ ಅಥವಾ ಅನುಮತಿ ಪಡೆದ ಖಾಸಗಿ ಸ್ಥಳದಲ್ಲಿ ಮಾತ್ರ ಇದು ನಡೆಯಬೇಕು. ಅನುಮತಿ ಕೊಡುವುದು ಜಿಲ್ಲಾ ಮಟ್ಟದ ಸಮಿತಿ. ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ, ಕೇರಳದಲ್ಲಿ ಡಿ.ಎಂ.ಓ. ಎಂದು ಕರೆಯಲ್ಪಡುವವರು, ಅದರ ಅಧ್ಯಕ್ಷರು. 3ರಿಂದ 5 ಮಂದಿ ಇರುವ ಈ ಸಮಿತಿಯಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ತುರ್ತುಚಿಕಿತ್ಸೆಯ ಸಲಕರಣೆ, ಔಷಧಿ, ಆಘಾತಕ್ಕೆ ಉಪಚರಿಸುವ ವ್ಯವಸ್ಥೆ, ದೊಡ್ಡ ಆಸ್ಪತ್ರೆಗೆ ಸಾಗಿಸುವ ಅನುಕೂಲ ಇವೆಯೇ ಎಂದು ನೋಡಿ, ನಮೂನೆ 'ಬಿ'ಯಲ್ಲಿ ಅನುಮತಿ ಪತ್ರ ನೀಡಲಾಗುತ್ತದೆ. ಆ ಪತ್ರವನ್ನು ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಅನುಮತಿಯಿಲ್ಲದ ಸ್ಥಳದಲ್ಲಿ, ಅಥವಾ ಅರ್ಹ ವೈದ್ಯರಲ್ಲದವರು ಗರ್ಭಪಾತ ಮಾಡಿದರೆ 2ರಿಂದ 7 ವರ್ಷಗಳ ಕಠಿಣ ಸೆರೆವಾಸ ವಿಧಿಸಬಹುದು.

ಮೂರನೆಯದು ಕಾಲದ ಮಿತಿ. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದೂ ನಿಯಮಗಳು ಹೆಸರಿಸಿದ ಕೆಲವು ವರ್ಗಗಳ ಮಹಿಳೆಯರಿಗೆ ಮಾತ್ರ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಕರು, ಗರ್ಭಿಣಿಯಾಗಿದ್ದಾಗಲೇ ವೈಧವ್ಯ ಅಥವಾ ವಿಚ್ಛೇದನದಿಂದ ವೈವಾಹಿಕ ಸ್ಥಿತಿ ಬದಲಾದವರು, ಅಂಗವೈಕಲ್ಯ ಅಥವಾ ಮಾನಸಿಕ ಅಸ್ವಸ್ಥತೆ ಉಳ್ಳವರು, ಭ್ರೂಣದಲ್ಲಿ ತೀವ್ರ ದೋಷ ಕಂಡುಬಂದವರು ಈ ಪಟ್ಟಿಯಲ್ಲಿದ್ದಾರೆ. ಸರ್ಕಾರ ಘೋಷಿಸಿದ ವಿಪತ್ತಿನ ಪರಿಸ್ಥಿತಿಯಲ್ಲಿರುವವರೂ ಸೇರಿದ್ದಾರೆ. 2018ರ ಮಹಾಪ್ರವಾಹವನ್ನು ಕಂಡ ಕೇರಳದವರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ.

24 ವಾರ ದಾಟಿದ ಮೇಲೆ, ಭ್ರೂಣದ ಗಂಭೀರ ನ್ಯೂನತೆಯನ್ನು ವೈದ್ಯಕೀಯ ಮಂಡಳಿ ದೃಢಪಡಿಸಿದರೆ ಮಾತ್ರ ಅವಕಾಶ. ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಮಂಡಳಿಯಲ್ಲಿರುತ್ತಾರೆ. ಮನವಿ ಬಂದ 3 ದಿನಗಳೊಳಗೆ ನಮೂನೆ 'ಡಿ'ಯಲ್ಲಿ ಅಭಿಪ್ರಾಯ ಕೊಡಬೇಕು. ಒಪ್ಪಿದರೆ ಮನವಿ ಬಂದ 5 ದಿನಗಳೊಳಗೆ ಚಿಕಿತ್ಸೆ ನಡೆಯಬೇಕು. ಮಂಡಳಿಯು ಭ್ರೂಣದ ಸ್ಥಿತಿಯನ್ನಷ್ಟೇ ನೋಡಿದರೆ ಸಾಲದು, ಗರ್ಭಿಣಿಯ ದೇಹ ಮತ್ತು ಮನಸ್ಸಿನ ಸ್ಥಿತಿಯನ್ನೂ ಪರಿಗಣಿಸಿ ಬರೆಯಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. ಇವೆಲ್ಲಕ್ಕೂ ಮಿಗಿಲಾದುದು 5ನೆಯ ಕಲಮು: ತಾಯಿಯ ಪ್ರಾಣ ಉಳಿಸಲು ತಕ್ಷಣ ಅಗತ್ಯವೆಂದು ಒಬ್ಬ ನೋಂದಾಯಿತ ವೈದ್ಯರು ಸದ್ಭಾವನೆಯಿಂದ ಭಾವಿಸಿದರೆ ವಾರಗಳ ಮಿತಿ ಅಡ್ಡಬರುವುದಿಲ್ಲ.

ಒಪ್ಪಿಗೆ ಯಾರದು?

ಒಪ್ಪಿಗೆ ಪತ್ರದ ಹೆಸರು ನಮೂನೆ 'ಸಿ'. ಹದಿನೆಂಟು ತುಂಬಿದ ಹೆಣ್ಣಿನ ವಿಷಯದಲ್ಲಿ ಅವಳೊಬ್ಬಳ ಸಹಿಯೇ ಸಾಕು. ಅಪ್ರಾಪ್ತ ವಯಸ್ಕಳಾಗಿದ್ದರೆ ಅಥವಾ ಮಾನಸಿಕ ಅಸ್ವಸ್ಥಳಾಗಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗಂಡನ ಸಹಿಯನ್ನು ಕಾಯ್ದೆ ಎಲ್ಲಿಯೂ ಕೇಳುವುದಿಲ್ಲ. ಆದರೂ ಕೆಲವೆಡೆ ಅದನ್ನು ಕೇಳುವ ರೂಢಿಯಿದೆ. ಈ ಪ್ರಶ್ನೆ ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. ಪತಿಯಿಂದ ದೂರವಾಗಿದ್ದು, ಕಾನೂನುಬದ್ಧ ವಿಚ್ಛೇದನ ಪಡೆಯದಿದ್ದ ಯುವತಿಯೊಬ್ಬಳ ಅರ್ಜಿಯಲ್ಲಿ, ಪತಿಯ ಅನುಮತಿ ಅಗತ್ಯವಿಲ್ಲವೆಂದು 2022ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆಗಳಿಗೆ ಮದುವೆಯಾಗಿ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಮಲಯಾಳಂ ಓದಲು ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿ ಒಪ್ಪಿಗೆಯಾಗದು. ಸಹಿಗೆ ಮುನ್ನ ಅದರ ಸಾರವನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸುವುದು, ಜೊತೆಗೆ ಹೋದವರು ತಾವೇ ಅವಳ ಪರವಾಗಿ ಉತ್ತರಿಸದಿರುವುದು ಮನೆಯವರ ಹೊಣೆ.

ಒಂದು ದಾಖಲೆಯ ಪಯಣ

ಇನ್ನು ಕಾಗದಗಳ ದಾರಿಯನ್ನು ಹಿಡಿಯೋಣ. ವೈದ್ಯರು ತಮ್ಮ ಅಭಿಪ್ರಾಯವನ್ನು ನಮೂನೆ 1ರಲ್ಲಿ ಬರೆದು ದೃಢೀಕರಿಸುತ್ತಾರೆ. ಇಬ್ಬರ ಅಭಿಪ್ರಾಯ ಬೇಕಾದ 20ರಿಂದ 24 ವಾರಗಳ ಪ್ರಕರಣಗಳಿಗೆ 2021ರಿಂದ ನಮೂನೆ 'ಇ' ಇದೆ. ಗರ್ಭಪಾತ ಮಾಡಿದ ವೈದ್ಯರು 3 ಗಂಟೆಗಳೊಳಗೆ ಅದನ್ನು ನಮೂನೆ 1ರಲ್ಲಿ ದೃಢಪಡಿಸಬೇಕು. ನೆನಪು ಮಾಸುವ ಮುನ್ನ, ಆಮೇಲೆ ತಿದ್ದಿ ಬರೆಯಲು ಎಡೆಯಿಲ್ಲದಂತೆ ಬರೆಯಬೇಕೆಂಬುದೇ ಈ ಅವಸರದ ತಾತ್ಪರ್ಯ.

ಬಳಿಕ ಅಭಿಪ್ರಾಯ ಪತ್ರ ಮತ್ತು ಒಪ್ಪಿಗೆ ಪತ್ರ ಎರಡನ್ನೂ ಲಕೋಟೆಯಲ್ಲಿಟ್ಟು ಮೊಹರು ಮಾಡಲಾಗುತ್ತದೆ. ಲಕೋಟೆಯ ಮೇಲೆ ಕ್ರಮಸಂಖ್ಯೆ, ವೈದ್ಯರ ಹೆಸರು, ದಿನಾಂಕ ಹಾಗೂ 'ರಹಸ್ಯ' ಎಂಬ ಬರಹ ಇರುತ್ತದೆ. ಹೆಣ್ಣಿನ ಹೆಸರು ಇರುವುದಿಲ್ಲ.

ಹೆಸರು ಇರುವುದು ನಮೂನೆ 3ರ ಪ್ರವೇಶ ವಹಿಯಲ್ಲಿ. ಹೆಸರು, ವಯಸ್ಸು, ವಿಳಾಸ, ಗರ್ಭದ ವಾರಗಳು, ಕಾರಣ, ಚಿಕಿತ್ಸೆಯ ದಿನ, ಬಿಡುಗಡೆಯ ದಿನ, ಫಲಿತಾಂಶ, ವೈದ್ಯರ ಹೆಸರು, ಎಲ್ಲಕ್ಕೂ ಅಲ್ಲಿ ಅಂಕಣಗಳಿವೆ. ಪ್ರತಿ ವರ್ಷ ಹೊಸದಾಗಿ ಒಂದರಿಂದ ಎಣಿಕೆ ಆರಂಭವಾಗುತ್ತದೆ. ವರ್ಷದ ಐದನೆಯವಳ ಗುರುತು '5' ಮತ್ತು ಆ ವರ್ಷ, ಅಷ್ಟೇ. ರೋಗಿಯ ಕಡತ, ಶಸ್ತ್ರಚಿಕಿತ್ಸಾ ಕೊಠಡಿಯ ವಹಿ, ಮರುಭೇಟಿಯ ಚೀಟಿ, ಇವುಗಳಲ್ಲೆಲ್ಲ ಹೆಸರನ್ನು ಬರೆಯದೆ ಈ ಸಂಖ್ಯೆಯನ್ನೇ ಬರೆಯಬೇಕೆಂದು ನಿಬಂಧನೆ ಹೇಳುತ್ತದೆ. ಆಸ್ಪತ್ರೆಯೊಳಗೆ ನೂರು ಕೈಗಳಲ್ಲಿ ಸುಳಿದಾಡುವ ಕಾಗದಗಳಲ್ಲಿ ಅವಳು ಒಂದು ಸಂಖ್ಯೆ ಮಾತ್ರ. ಹೆಸರು ಒಂದೇ ಪುಸ್ತಕದಲ್ಲಿ, ಒಬ್ಬರೇ ಹೊಣೆಗಾರರ ಬಳಿ.

ಆ ವಹಿ ರಹಸ್ಯ ದಸ್ತಾವೇಜು. ಕಾನೂನಿನ ಅಧಿಕಾರವಿಲ್ಲದೆ ಯಾರೂ ಅದನ್ನು ಪರಿಶೀಲಿಸುವಂತಿಲ್ಲ. ಉದ್ಯೋಗಸ್ಥ ಮಹಿಳೆ ಕೇಳಿಕೊಂಡರೆ ರಜೆಗಾಗಿ ವೈದ್ಯರು ಪ್ರಮಾಣಪತ್ರ ಕೊಡಬಹುದು. ವಹಿಯನ್ನು 5 ವರ್ಷ ಕಾಪಾಡಿ, ಅವಧಿ ಮುಗಿದ ಮೇಲೆ ನಾಶಪಡಿಸಬೇಕು. ಉಳಿದ ಕಾಗದಗಳಿಗೆ 3 ವರ್ಷ. ಅಂದರೆ ದಾಖಲೆಗೂ ಆಯುಷ್ಯವಿದೆ. ಅದು ಹೆಣ್ಣಿನ ಬೆನ್ನಿಗೆ ಜೀವನಪರ್ಯಂತ ಅಂಟಿಕೊಳ್ಳುವುದು ಕಾಯ್ದೆಯ ಉದ್ದೇಶವಲ್ಲ.

ಮೇಲಿನ ಅಧಿಕಾರಿಗಳಿಗೆ ತಲುಪುವುದು ಬೇರೆಯದೇ ಕಾಗದ. ಆಸ್ಪತ್ರೆಯ ಮುಖ್ಯಸ್ಥರು ನಮೂನೆ 2ರಲ್ಲಿ ಪ್ರತಿ ತಿಂಗಳೂ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿಗೆ ವರದಿ ಕಳುಹಿಸುತ್ತಾರೆ. ಅದರಲ್ಲಿರುವುದು ಅಂಕಿ ಅಂಶಗಳು, ಹೆಸರುಗಳಲ್ಲ. ತಿರುವನಂತಪುರದಲ್ಲಿ ಕುಳಿತ ಆರೋಗ್ಯ ಇಲಾಖೆಗೆ ಎಷ್ಟು ಮಂದಿ, ಯಾವ ಹಂತದಲ್ಲಿ, ಏಕೆ ಎಂಬುದು ತಿಳಿದರೆ ಸಾಕು; ಅವರು ಯಾರ ಮನೆಯ ಮಗಳು ಎಂಬುದು ಬೇಕಿಲ್ಲ.

ಗುಟ್ಟು ಕಾಯುವ ಕಲಮು

ನಿಬಂಧನೆಗಳನ್ನು ಬೇಕೆಂದೇ ಪಾಲಿಸದಿದ್ದರೆ 1,000 ರೂಪಾಯಿವರೆಗೆ ದಂಡ ಎಂಬುದು ಹಳೆಯ ಏರ್ಪಾಡು. 2021ರಲ್ಲಿ ಸೇರಿದ 5-ಎ ಕಲಮು ಗೌಪ್ಯತೆಗೆ ಹೆಚ್ಚಿನ ಬಲ ತಂದಿತು: ಕಾನೂನು ಅಧಿಕಾರ ಕೊಟ್ಟವರ ಹೊರತು ಬೇರಾರಿಗಾದರೂ ಮಹಿಳೆಯ ಹೆಸರು ಮತ್ತು ವಿವರಗಳನ್ನು ವೈದ್ಯರು ಬಯಲು ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ, ದಂಡ, ಅಥವಾ ಎರಡೂ.

ಇದರ ಹಿನ್ನೆಲೆಯಲ್ಲಿ ಕನ್ನಡಿಗರ ಹೆಸರುಗಳಿವೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2022ರ ಸೆಪ್ಟೆಂಬರ್ 29ರಂದು, 20ರಿಂದ 24 ವಾರಗಳ ಅವಕಾಶವನ್ನು ಅವಿವಾಹಿತೆಯರಿಗೆ ನಿರಾಕರಿಸುವಂತಿಲ್ಲ ಎಂದು ತೀರ್ಪಿತ್ತ ಪೀಠದಲ್ಲಿ ಡಿ.ವೈ. ಚಂದ್ರಚೂಡ್ ಮತ್ತು ಜೆ.ಬಿ. ಪಾರ್ದೀವಾಲಾ ಅವರೊಡನೆ ಕೊಡಗಿನ ಎ.ಎಸ್. ಬೋಪಣ್ಣ ಅವರೂ ಇದ್ದರು.

ಆ ತೀರ್ಪು ಇನ್ನೊಂದು ಗಂಟನ್ನೂ ಸಡಿಲಿಸಿತು. ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯೆಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಭಯದಿಂದ ಹೆತ್ತವರು ಆಸ್ಪತ್ರೆಗೇ ಬಾರದೆ ಹೋಗುವ ಅಪಾಯವಿತ್ತು. ಹುಡುಗಿ ಮತ್ತು ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಗುರುತನ್ನು ಹೇಳಬೇಕಾಗಿಲ್ಲ ಎಂದು ನ್ಯಾಯಾಲಯ ವಿವರಿಸಿತು.

ಸ್ಕ್ಯಾನಿಂಗ್ ಕಾಗದ ಬೇರೆ, ಇದು ಬೇರೆ

ಗರ್ಭಿಣಿಯ ಸ್ಕ್ಯಾನಿಂಗ್ ಮಾಡುವಾಗ ತುಂಬಿಸುವ ನಮೂನೆ 'ಎಫ್'ಗೂ ಮೇಲಿನ ದಾಖಲೆಗಳಿಗೂ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅದು 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯ ಕಾಗದ. ಹೆಣ್ಣು ಭ್ರೂಣದ ಹತ್ಯೆಯನ್ನು ತಡೆಯುವುದು ಅದರ ಗುರಿ. ಅಲ್ಲಿ ದಾಖಲೆಯ ಲೋಪವೇ ಅಪರಾಧವಾಗಬಲ್ಲದು. ಈ ಏರ್ಪಾಡನ್ನು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಎತ್ತಿಹಿಡಿಯಿತು. ಅಲ್ಲಿನ ಕಾಗದ ಕೇಂದ್ರದ ಮೇಲೆ ಕಣ್ಣಿಡಲು. ಇಲ್ಲಿನ ಕಾಗದ ಹೆಣ್ಣನ್ನು ಕಾಯಲು. ಮಗುವಿನ ಲಿಂಗದ ಕಾರಣಕ್ಕೆ ಗರ್ಭಪಾತವನ್ನು ಎಂ.ಟಿ.ಪಿ. ಕಾಯ್ದೆ ಒಪ್ಪುವುದಿಲ್ಲ.

ಬೆಳಗಾವಿಯ ಮಗಳು

ದಾಖಲೆ ಬರಿಯ ಕಚೇರಿಯ ಶಾಸ್ತ್ರವಲ್ಲ ಎಂಬುದಕ್ಕೆ ನಮ್ಮವಳೊಬ್ಬಳ ಕಥೆಯಿದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯ ಆಸ್ಪತ್ರೆಗೆ ದಾಖಲಾದರು. 17 ವಾರಗಳ ಗರ್ಭ ಉಳಿಯದೆಂಬುದು ಖಚಿತವಾಗಿತ್ತು. ಗರ್ಭಪಾತ ಮಾಡಿರೆಂದು ಕೇಳಿಕೊಂಡರೂ, ಭ್ರೂಣದ ಹೃದಯ ಮಿಡಿಯುತ್ತಿದೆಯೆಂಬ ಕಾರಣಕ್ಕೆ ಅಲ್ಲಿನ ಅಂದಿನ ಕಾನೂನಿನ ನೆರಳಿನಲ್ಲಿ ನಿರಾಕರಿಸಲಾಯಿತು. ರಕ್ತಕ್ಕೆ ನಂಜೇರಿ 28ರಂದು, 31ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅನಂತರದ ವಿಚಾರಣೆಗಳು ಆಸ್ಪತ್ರೆಯ ಕಾಗದಗಳನ್ನೇ ಹಿಡಿದು ನಡೆದವು. ಮೊದಲ ದಿನವೇ ತೆಗೆದ ರಕ್ತದ ಪರೀಕ್ಷೆಯ ಫಲಿತಾಂಶವನ್ನು ಗಮನಿಸಿರಲಿಲ್ಲ. ನಾಡಿ, ಜ್ವರ, ರಕ್ತದೊತ್ತಡಗಳನ್ನು ನಿಗದಿತ ವೇಳೆಗೆ ನೋಡಿ ಬರೆದಿರಲಿಲ್ಲ. ಪ್ರಾಣ ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವೆಂದು ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರಲ್ಲಿ ವರದಿ ಮಾಡಿತು. ಮರಣ ವಿಚಾರಣಾಧಿಕಾರಿಯ ಶಿಫಾರಸುಗಳಲ್ಲೊಂದು ಗಮನಾರ್ಹ: ವಿಚಾರಣೆಗೆ ಒಳಪಡುವ ಮೃತರ ಚಿಕಿತ್ಸಾ ಟಿಪ್ಪಣಿಗಳಿಗೆ ಸಾವಿನ ನಂತರ ಏನನ್ನೂ ಸೇರಿಸಬಾರದು. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡ್ ತನ್ನ ಸಂವಿಧಾನವನ್ನೇ ಬದಲಿಸಿತು. 2019ರ ಜನವರಿ 1ರಿಂದ ಜಾರಿಯಲ್ಲಿರುವ ಅಲ್ಲಿನ ಹೊಸ ಕಾನೂನಿನಂತೆ ಪ್ರತಿ ಗರ್ಭಪಾತವನ್ನೂ 28 ದಿನಗಳೊಳಗೆ ಸಚಿವರಿಗೆ ತಿಳಿಸಬೇಕು. ಅಲ್ಲಿಯೂ ಹೆಣ್ಣಿನ ಹೆಸರನ್ನು ಕೊಡುವುದಿಲ್ಲ.

ಕೇರಳದ ಪಾಠ, ದೇಶದ ಕೊರತೆ

ಹೆಸರಿಲ್ಲದ ದಾಖಲೆಯಿಂದ ಜೀವ ಉಳಿಸಬಹುದೆಂಬುದಕ್ಕೆ ಕೇರಳವೇ ಸಾಕ್ಷಿ. ಕೇರಳ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಒಕ್ಕೂಟ ರಾಜ್ಯ ಸರ್ಕಾರದ ಸಹಕಾರದಿಂದ 2004ರಲ್ಲಿ ತಾಯಂದಿರ ಸಾವುಗಳ ಗೋಪ್ಯ ಪರಿಶೀಲನೆಯನ್ನು ಆರಂಭಿಸಿತು. ಭಾರತದಲ್ಲಿ ಇದೇ ಮೊದಲು. ತಾಯಿಯ, ವೈದ್ಯರ, ಆಸ್ಪತ್ರೆಯ ಹೆಸರುಗಳನ್ನು ತೆಗೆದುಹಾಕಿ, ಯಾರನ್ನೂ ದೂಷಿಸದೆ, ಸಾವಿಗೆ ಕಾರಣವೇನು, ತಪ್ಪಿಸಬಹುದಿತ್ತೇ ಎಂದಷ್ಟೇ ತಜ್ಞರು ನೋಡುತ್ತಾರೆ. ಹೆಸರು ಹೊರಬೀಳದೆಂಬ ಭರವಸೆ ಇದ್ದುದರಿಂದಲೇ ವೈದ್ಯರು ನಿಜವನ್ನು ಬರೆದರು. 2018-20ರ ಸಮೀಕ್ಷೆಯಂತೆ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ಕರ್ನಾಟಕದಲ್ಲಿ 69, ದೇಶದಲ್ಲಿ 97. ಇದಕ್ಕೆ ಕಾರಣಗಳು ಹಲವು. ಪ್ರಾಮಾಣಿಕ ದಾಖಲೆ ಅವುಗಳಲ್ಲೊಂದು.

ಇದಕ್ಕೆ ಎದುರಾಗಿ ದೇಶದ ಗರ್ಭಪಾತಗಳಲ್ಲಿ ಹೆಚ್ಚಿನವು ಯಾವ ವಹಿಗೂ ಸೇರುವುದಿಲ್ಲ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದವೆಂದು ಅಧ್ಯಯನವೊಂದು ಅಂದಾಜಿಸಿತು. ಆಸ್ಪತ್ರೆಗಳಲ್ಲಿ ನಡೆದದ್ದು ಸುಮಾರು 34 ಲಕ್ಷ ಮಾತ್ರ. ಉಳಿದವುಗಳಲ್ಲಿ ಬಹುಪಾಲು ಆಸ್ಪತ್ರೆಯ ಹೊರಗೆ ನುಂಗಿದ ಮಾತ್ರೆಗಳಿಂದ. ಮಾತ್ರೆಗಳು ತಾವಾಗಿ ಕೆಟ್ಟವಲ್ಲ. 9 ವಾರಗಳೊಳಗೆ ಅರ್ಹ ವೈದ್ಯರು ತಮ್ಮ ಚಿಕಿತ್ಸಾಲಯದಲ್ಲಿಯೇ ಬರೆದುಕೊಡಲು, ಅನುಮತಿಯುಳ್ಳ ಆಸ್ಪತ್ರೆಯ ಆಸರೆ ಇರಬೇಕೆಂಬ ಷರತ್ತಿನೊಡನೆ, ನಿಯಮಗಳೇ ಅವಕಾಶ ಕೊಟ್ಟಿವೆ. ಗರ್ಭ ಎಷ್ಟು ವಾರದ್ದು, ಗರ್ಭಕೋಶದ ಒಳಗಿದೆಯೋ ಹೊರಗಿದೆಯೋ ಎಂದು ನೋಡದೆ ನುಂಗುವುದೇ ಅಪಾಯ. ವಿಪರೀತ ರಕ್ತಸ್ರಾವ, ಜ್ವರ, ತಾಳಲಾರದ ಹೊಟ್ಟೆನೋವು ಕಂಡರೆ, ಮೊದಲು ಏನೇ ನಡೆದಿರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಡೆದುದನ್ನು ವೈದ್ಯರಿಂದ ಮುಚ್ಚಿಡಬಾರದು.

ಮನೆಯವರು ನೆನಪಿಡಬೇಕಾದುದು

ಗೋಡೆಯ ಮೇಲೆ ಅನುಮತಿ ಪತ್ರವಿದೆಯೇ ಎಂದು ನೋಡಿರಿ. ಒಪ್ಪಿಗೆ ಪತ್ರವನ್ನು ಓದಿಸಿ ತಿಳಿದು, ಸಹಿಯನ್ನು ಅವಳೇ ಹಾಕಲಿ. ಹೆಸರನ್ನು ಎಲ್ಲಿ ಬರೆಯುತ್ತಾರೆ, ಸಂಖ್ಯೆಯನ್ನು ಎಲ್ಲಿ ಬರೆಯುತ್ತಾರೆ ಎಂದು ಕೇಳಲು ಸಂಕೋಚ ಬೇಡ. ವಹಿಯ ಜಾಗಕ್ಕೆ ಗಣಕಯಂತ್ರ ಬಂದಿರುವ ಈ ಕಾಲದಲ್ಲಿ ಆ ಪ್ರಶ್ನೆ ಇನ್ನಷ್ಟು ಅಗತ್ಯ. "ದಾಖಲೆ ಬೇಡ, ಗುಟ್ಟಾಗಿ ಮುಗಿಸೋಣ" ಎನ್ನುವವರ ಮಾತಿಗೆ ಮಾತ್ರ ಕಿವಿಗೊಡಬೇಡಿರಿ. ದಾಖಲೆಯಿಲ್ಲದ ಕಡೆ ಗುಟ್ಟು ಕಾಯುವ ಹೊಣೆಯೂ ಯಾರಿಗೂ ಇರುವುದಿಲ್ಲ, ಪ್ರಾಣ ಕಾಯುವ ಹೊಣೆಯೂ ಇರುವುದಿಲ್ಲ.

ಗರ್ಭಪಾತದ ಬಗೆಗೆ ನಮ್ಮ ಸಂಘದ ಮನೆಗಳಲ್ಲಿ ಭಿನ್ನ ನಂಬಿಕೆಗಳಿವೆ; ಅವು ಅವರವರವು. ಆದರೆ ನಮ್ಮ ಯಾವ ಮಗಳೂ ವಹಿಗೆ ಅಂಜಿ ಕತ್ತಲೆಯ ಬಾಗಿಲನ್ನು ತಟ್ಟುವಂತಾಗಬಾರದು ಎಂಬ ಮಾತಿನಲ್ಲಿ ಭಿನ್ನಾಭಿಪ್ರಾಯ ಇರಲಾರದೆಂದು ನಾವು ನಂಬಿದ್ದೇವೆ.